ಮಾನ್ಯಖೇಟ–ಕಲ್ಯಾಣಗಳ ನಡುವಿನ ಕುರುಕ್ಷೇತ್ರ: ಪಂಪ, ರನ್ನರ ಪಾತ್ರಗಳ ಯುದ್ಧನಿರ್ಧಾರಗಳು

ಇಂದಿನ ತೆಲಂಗಾಣದ ಪಶ್ಚಿಮ ಅಂಚಿನಲ್ಲಿರುವ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಪ್ರದೇಶಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಕನ್ನಡ ಸೀಮೆಯೊಳಗೆ ಎಣಿಕೆಯಾಗುತ್ತಿದ್ದವು. ಆ ವರ್ಷ ನಾರಾಯಣಖೇಡ ತಾಲ್ಲೂಕೂ ನಿರ್ಣಾ ಸರ್ಕಲನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕೂ ಬೀದರ ಜಿಲ್ಲೆಯಿಂದ, ತಾಂಡೂರು ತಾಲ್ಲೂಕು ಗುಲಬರ್ಗಾ ಜಿಲ್ಲೆಯಿಂದ ಕಳಚಿಕೊಂಡು ಆಂಧ್ರಪ್ರದೇಶಕ್ಕೆ ಸೇರಿದವು. ಆಡಳಿತದ ಈ ಗೆರೆ ಹೊಸದು. ಅದಕ್ಕಿಂತ ಸಾವಿರ ವರ್ಷ ಹಿಂದೆ ಇದೇ ನೆಲ ದಖನ್ನಿನ ರಾಜಕೀಯದ ಅಂಚಾಗಿರದೆ ಅದರ ನಟ್ಟನಡುವೆ ಇತ್ತು. ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿಯ ಜಾಡು ಹಿಡಿದು ಪಶ್ಚಿಮಕ್ಕೆ ಹೋದರೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ, ಅಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ, ಸಿಗುತ್ತದೆ. ಜಹೀರಾಬಾದಿನಿಂದ ಹುಮನಾಬಾದಿನ ದಾರಿಯಲ್ಲಿ ಮುಂದುವರಿದರೆ ಚಾಲುಕ್ಯರ ಕಲ್ಯಾಣ ಸಿಗುತ್ತದೆ. ನಾರಾಯಣಖೇಡದ ಬಳಿ ಮಾಂಜ್ರಾ ನದಿಯನ್ನು ದಾಟಿ ಈಶಾನ್ಯಕ್ಕೆ ನಡೆದರೆ ವೇಮುಲವಾಡದ ಚಾಲುಕ್ಯರು ಆಳಿದ ಬೋಧನ ಮತ್ತು ವೇಮುಲವಾಡಗಳ ಸೀಮೆ ತೆರೆದುಕೊಳ್ಳುತ್ತದೆ. ಭೂಪಟದಲ್ಲಿ ಬೋಧನದಿಂದ ಮಳಖೇಡಕ್ಕೆ ಒಂದು ನೇರ ಗೆರೆ ಎಳೆದರೆ ಅದು ನಾರಾಯಣಖೇಡ, ಜಹೀರಾಬಾದ್‌ಗಳ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಚಕ್ರವರ್ತಿಯ ಪಟ್ಟಣಕ್ಕೂ ಅವನ ಪ್ರಬಲ ಸಾಮಂತನ ಪಟ್ಟಣಕ್ಕೂ ನಡುವಿನ ಈ ಸೀಮೆಯ ಎರಡು ತುದಿಗಳಲ್ಲಿ ಹತ್ತನೆಯ ಶತಮಾನದ ಕನ್ನಡದ ಎರಡು ಮಹಾಯುದ್ಧಕಾವ್ಯಗಳು, ಪಂಪನ ವಿಕ್ರಮಾರ್ಜುನ ವಿಜಯ ಮತ್ತು ರನ್ನನ ಗದಾಯುದ್ಧ, ರೂಪುಗೊಂಡವು ಎಂಬುದನ್ನು ಗಮನದಲ್ಲಿಟ್ಟುಕೊಂಡು ಓದಿದಾಗ, ಆ ಕಾವ್ಯಗಳ ಪಾತ್ರಗಳು ಯುದ್ಧಕಾಲದಲ್ಲಿ ಕೈಗೊಳ್ಳುವ ತೀರ್ಮಾನಗಳಿಗೆ ಬೇರೆಯೇ ಅರ್ಥ ಹೊಳೆಯತೊಡಗುತ್ತದೆ.

ಈ ಎರಡು ಕಾವ್ಯಗಳ ಕಥೆಯಾದ ಮಹಾಭಾರತದ ಯುದ್ಧವು ಮಂತ್ರಾಸ್ತ್ರಗಳ, ಶಾಪಗಳ, ಬಾಣವೇರಿ ಬರುವ ಸರ್ಪಗಳ, ನೀರಿನೊಳಗೆ ಉಸಿರು ಹಿಡಿದಿಡುವ ವಿದ್ಯೆಗಳ ಅದ್ಭುತಲೋಕದಲ್ಲಿ ನಡೆಯುತ್ತದೆ. ಇಂಥ ಲೋಕದಲ್ಲಿ ಪಾತ್ರಗಳ ನಡೆಯನ್ನು ವಿಧಿಯ ಹೆಸರಿನಲ್ಲಿ ವಿವರಿಸಿ ಮುಗಿಸುವುದು ಸುಲಭ; ಕರ್ಣ ಸೋತದ್ದು ಶಾಪದಿಂದ, ದುರ್ಯೋಧನ ಸೋತದ್ದು ಅಧರ್ಮದಿಂದ ಎಂದುಬಿಟ್ಟರೆ ಮುಂದೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಪಂಪನೂ ರನ್ನನೂ ಹಾಗೆ ಬರೆಯಲಿಲ್ಲ. ಅವರ ಪಾತ್ರಗಳು ಸಭೆಯಲ್ಲಿ ಕೂತು ಮಂತ್ರಾಲೋಚನೆ ಮಾಡುತ್ತವೆ, ಎದುರಾಳಿಯ ಬಲವನ್ನು ತೂಗುತ್ತವೆ, ನೆರವು ಬರುವ ದಿನವನ್ನು ಲೆಕ್ಕ ಹಾಕುತ್ತವೆ, ಮಾತಿಗೆ ಮಾತು ಜೋಡಿಸಿ ವಾದಿಸುತ್ತವೆ. ಆ ವಾದಗಳು ಕವಿಗಳ ಕಾಲದ ಅರಮನೆಗಳಲ್ಲಿ ನಿಜವಾಗಿ ನಡೆಯುತ್ತಿದ್ದ ವಾದಗಳಿಗೆ ಬಹಳ ಹತ್ತಿರವಾಗಿವೆ.

ಪಂಪನು ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ್ದು ಕ್ರಿ.ಶ. 941ರ ಸುಮಾರಿಗೆ. ಅವನ ಆಶ್ರಯದಾತನಾದ ಎರಡನೆಯ ಅರಿಕೇಸರಿಯು ವೇಮುಲವಾಡದ ಚಾಲುಕ್ಯ ಮನೆತನದವನು. ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತ, ಎಂದರೆ ತನ್ನ ಸೀಮೆಯನ್ನು ತಾನೇ ಆಳುತ್ತ, ಚಕ್ರವರ್ತಿಗೆ ಕಪ್ಪವನ್ನೂ ಕರೆ ಬಂದಾಗ ಸೈನ್ಯವನ್ನೂ ಸಲ್ಲಿಸಬೇಕಾದ ಅರಸ. ಎರಡು ಮನೆತನಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧವೂ ಇತ್ತು. ಈ ಅರಿಕೇಸರಿಯ ಬಾಳಿನಲ್ಲಿ ಒಂದು ಕಠಿಣ ಗಳಿಗೆ ಬಂತು. ಚಕ್ರವರ್ತಿಯಾದ ನಾಲ್ಕನೆಯ ಗೋವಿಂದನ ಕೋಪಕ್ಕೆ ಗುರಿಯಾದ ವಿಜಯಾದಿತ್ಯನೆಂಬವನು ರಕ್ಷಣೆ ಕೇಳಿ ಅವನ ಬಳಿಗೆ ಬಂದನು. ಮರೆಹೊಕ್ಕವನನ್ನು ಒಪ್ಪಿಸಿದ್ದರೆ ಒಡೆಯನ ಪ್ರೀತಿ ಉಳಿಯುತ್ತಿತ್ತು, ಅರಿಕೇಸರಿ ಒಪ್ಪಿಸಲಿಲ್ಲ. ಅಲ್ಲಿಗೂ ನಿಲ್ಲದೆ, ಅತೃಪ್ತರಾಗಿದ್ದ ಇತರ ಸಾಮಂತರ ಜೊತೆ ಸೇರಿ ಗೋವಿಂದನನ್ನು ಸೋಲಿಸಿ, ಬದ್ದೆಗನೆಂದು ಹೆಸರಾದ ಮೂರನೆಯ ಅಮೋಘವರ್ಷನನ್ನು ಸುಮಾರು 935ರ ಹೊತ್ತಿಗೆ ಸಿಂಹಾಸನದ ಮೇಲೆ ಕೂರಿಸಿದನು. ಪಂಪನು ತನ್ನ ಕಾವ್ಯದಲ್ಲಿ ಅರಿಕೇಸರಿಯ ಈ ಸಾಹಸವನ್ನು ಹೆಮ್ಮೆಯಿಂದ ನೆನೆಯುತ್ತಾನೆ, ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ ಕಥೆ ಹೇಳುತ್ತಾನೆ.

ಆ ಕಾಲದ ರಾಜನೀತಿಯಲ್ಲಿ ಇಂಥ ನಿರ್ಧಾರಗಳನ್ನು ತೂಗಲು ಒಂದು ಸಿದ್ಧ ತಕ್ಕಡಿ ಇತ್ತು. ಅದಕ್ಕೆ ಷಾಡ್ಗುಣ್ಯ, ಅಂದರೆ ಆರು ನಡೆಗಳ ನೀತಿ, ಎಂದು ಹೆಸರು. ಒಪ್ಪಂದ ಮಾಡಿಕೊಳ್ಳುವುದು ಸಂಧಿ. ವೈರ ಸಾಧಿಸುವುದು ವಿಗ್ರಹ. ದಂಡೆತ್ತಿ ಹೊರಡುವುದು ಯಾನ. ಕಾಲ ಅನುಕೂಲವಾಗುವವರೆಗೆ ಕದಲದೆ ಕೂರುವುದು ಆಸನ. ಬಲವುಳ್ಳವನ ಮರೆಹೋಗುವುದು ಸಂಶ್ರಯ. ಒಬ್ಬನೊಡನೆ ಸಂಧಿ ಮತ್ತೊಬ್ಬನೊಡನೆ ವಿಗ್ರಹ ನಡೆಸುವುದು ದ್ವೈಧೀಭಾವ. ಕೌಟಿಲ್ಯನಿಂದ ಬಂದ ಈ ವಿಚಾರವನ್ನು ಅರಿಕೇಸರಿಯ ಮನೆತನದ ಆಶ್ರಯದಲ್ಲೇ ಇದ್ದ ಜೈನ ವಿದ್ವಾಂಸ ಸೋಮದೇವ ಸೂರಿ ತನ್ನ ನೀತಿವಾಕ್ಯಾಮೃತವೆಂಬ ಸಂಸ್ಕೃತ ಗ್ರಂಥದಲ್ಲಿ ಚಿಕ್ಕ ಚಿಕ್ಕ ಸೂತ್ರಗಳಾಗಿ ಇಳಿಸಿದನು. ಅದರ 32 ಅಧ್ಯಾಯಗಳಲ್ಲಿ ಒಂದು ಷಾಡ್ಗುಣ್ಯಕ್ಕೂ ಇನ್ನೊಂದು ಯುದ್ಧಕ್ಕೂ ಮೀಸಲಾಗಿವೆ. ಅದೇ ಸೋಮದೇವನ ಯಶಸ್ತಿಲಕ ಚಂಪುವು 959ರಲ್ಲಿ, ಅರಿಕೇಸರಿಯ ಮಗನ ಆಳ್ವಿಕೆಯಲ್ಲಿ, ಗಂಗಧಾರಾ ಎಂಬ ಪಟ್ಟಣದಲ್ಲಿ ಮುಗಿಯಿತು. ಪಂಪನ ಕಾವ್ಯವೂ ಸೋಮದೇವನ ಬರಹವೂ ಒಂದೇ ಮನೆತನದ ಅನ್ನ ಉಂಡವು, ನಡುವೆ ಹೆಚ್ಚೆಂದರೆ ಒಂದು ತಲೆಮಾರಿನ ಅಂತರ. ಹೀಗಾಗಿ ಪಂಪನ ಪಾತ್ರಗಳ ಯೋಚನೆಯನ್ನು ಈ ತಕ್ಕಡಿಯಲ್ಲಿಟ್ಟು ನೋಡುವುದು ಹೊರಗಿನ ಅಳತೆಯನ್ನು ಹೇರಿದಂತಾಗುವುದಿಲ್ಲ.

ಕರ್ಣನ ನಿರ್ಧಾರವನ್ನು ಮೊದಲು ಗಮನಿಸಬೇಕು. ಸಂಧಾನ ಮುರಿದು ಹಸ್ತಿನಾವತಿಯಿಂದ ಹಿಂದಿರುಗುವ ಕೃಷ್ಣನು ಅವನನ್ನು ಏಕಾಂತಕ್ಕೆ ಕರೆದು, ನೀನು ಕುಂತಿಯ ಹಿರಿಯ ಮಗನೆಂದು ತಿಳಿಸಿ, ಪಾಂಡವರ ಕಡೆಗೆ ಬಂದರೆ ರಾಜ್ಯವೇ ನಿನ್ನದಾಗುವುದೆಂದು ಒಡ್ಡುತ್ತಾನೆ. ದ್ವೈಧೀಭಾವದಲ್ಲಿ ಪಳಗಿದ ಕೈಯ ಕೆಲಸವಿದು: ಎದುರಾಳಿಯ ಕೂಟದಲ್ಲಿ ಯಾವ ಒಂದು ಕಂಬವನ್ನು ಎಳೆದರೆ ಮನೆಯೇ ಕುಸಿಯುವುದೋ ಅದನ್ನೇ ಕೃಷ್ಣ ಆರಿಸಿಕೊಂಡಿದ್ದಾನೆ. ಬರಿಯ ಲಾಭನಷ್ಟದ ಎಣಿಕೆಯಲ್ಲಿ ಕರ್ಣನು ಒಪ್ಪಬೇಕಿತ್ತು. ರಾಜ್ಯ, ಕುಲದ ಮನ್ನಣೆ, ತಮ್ಮಂದಿರು, ತಾಯಿ, ಎಲ್ಲವೂ ಒಂದೇ ಹೆಜ್ಜೆಯ ದೂರದಲ್ಲಿದ್ದವು. ಅವನು ಒಪ್ಪದಿರುವುದನ್ನು ಭಾವುಕತೆಯೆಂದು ಬಗೆದ ಓದುಗರು ಎಂದೂ ಇದ್ದಾರೆ. ಪಂಪನ ಕರ್ಣ ಯೋಚಿಸುವ ಬಗೆ ಬೇರೆ. ಈಗ ಪಕ್ಷ ಬಿಟ್ಟರೆ ಲೋಕ ನಗುತ್ತದೆ, ತನ್ನನ್ನು ನಂಬಿ ಯುದ್ಧಕ್ಕಿಳಿದ ದುರ್ಯೋಧನನು ನಡುನೀರಿನಲ್ಲಿ ಉಳಿಯುತ್ತಾನೆ, ಆದ್ದರಿಂದ ಒಡೆಯನಿಗಿಂತ ಮೊದಲು ತಾನು ಸಾಯುವುದೇ ದಾರಿಯೆಂದು ಅವನು ಮನಸ್ಸು ಗಟ್ಟಿ ಮಾಡುತ್ತಾನೆ.

ಈ ಯೋಚನೆಯ ಹಿಂದೆ ಆ ಕಾಲದ ಒಂದು ಸಂಸ್ಥೆಯೇ ಇದೆ. ಪಂಪನ ಕಾವ್ಯದಲ್ಲೂ ಆಗಿನ ಶಾಸನಗಳಲ್ಲೂ ಕಾಣುವ ಜೋಳದಪಾಳಿ ಅಥವಾ ಜೋಳವಾಳಿ ಎಂಬುದು ಒಡೆಯನ ಮನೆಯ ಕೂಳುಂಡ ಭಟನು ಆ ಋಣವನ್ನು ರಣದಲ್ಲಿ ಪ್ರಾಣ ಕೊಟ್ಟು ತೀರಿಸುವ ಕಟ್ಟುಪಾಡು. ವೇಳೆವಾಳಿ ಎಂಬುದು ಇನ್ನೂ ಮುಂದೆ ಹೋಗಿ, ಒಡೆಯನು ಸತ್ತರೆ ತಾನೂ ಸಾಯುವೆನೆಂದು ಮೊದಲೇ ಭಾಷೆ ಕೊಟ್ಟವರ ವ್ರತ. ಜಹೀರಾಬಾದ್, ತಾಂಡೂರುಗಳ ಹೊಲಗಳಲ್ಲಿ ಬೆಳೆಯುವ, ಅಲ್ಲಿಯ ಮನೆಗಳಲ್ಲಿ ಇಂದಿಗೂ ರೊಟ್ಟಿಯಾಗುವ ಜೋಳವೇ ಈ ಋಣದ ಅಳತೆಯಾಗಿತ್ತು. ಸಂಬಳದ ಸ್ಥಾಯೀ ಸೈನ್ಯ ಚಿಕ್ಕದಾಗಿದ್ದು, ದಂಡಿನ ಬಹುಪಾಲು ಸಾಮಂತರ ತುಕಡಿಗಳೇ ಆಗಿದ್ದ ರಾಜ್ಯದಲ್ಲಿ ಇದು ವ್ಯಕ್ತಿಯ ಸದ್ಗುಣವಷ್ಟೇ ಆಗಿರಲು ಸಾಧ್ಯವಿಲ್ಲ. ರಾಜ್ಯವನ್ನು ಹಿಡಿದು ನಿಲ್ಲಿಸುವ ಮೊಳೆಯೇ ಅದು. ಯುದ್ಧದ ಹಿಂದಿನ ದಿನ ಪಕ್ಷ ಬದಲಿಸುವ ದಂಡನಾಯಕನನ್ನು ಹೊಸ ಒಡೆಯನೂ ನಂಬುವುದಿಲ್ಲ, ಅವನ ಕೆಳಗಿನ ಭಟರೂ ನಂಬುವುದಿಲ್ಲ. ಕರ್ಣನ ಬಲವಿರುವುದು ಅವನ ಬಿಲ್ಲಿನಲ್ಲಿ ಮಾತ್ರವಲ್ಲ, ಅವನು ಬಿಟ್ಟುಹೋಗಲಾರನೆಂಬ ದುರ್ಯೋಧನನ ನಿಶ್ಚಯದಲ್ಲಿ. ಅದನ್ನು ಮಾರಿದ ಮರುಗಳಿಗೆ ಮಾರಾಟಕ್ಕೆ ಅವನ ಬಳಿ ಏನೂ ಉಳಿಯುವುದಿಲ್ಲ.

ಅವನು ಮಾಡುವ ಇನ್ನೊಂದು ಲೆಕ್ಕವೂ ಇದೆ. ವ್ಯಾಸಭಾರತದಲ್ಲಿ ಕರ್ಣನು ತನ್ನ ಜನ್ಮದ ಗುಟ್ಟನ್ನು ಧರ್ಮರಾಯನಿಗೆ ಹೇಳಬಾರದೆಂದು ಕೃಷ್ಣನನ್ನು ಕೇಳಿಕೊಳ್ಳುತ್ತಾನೆ, ಏಕೆಂದರೆ ತಿಳಿದರೆ ಧರ್ಮರಾಯ ರಾಜ್ಯವನ್ನು ತನಗೆ ಒಪ್ಪಿಸುತ್ತಾನೆ, ತಾನು ಅದನ್ನು ದುರ್ಯೋಧನನಿಗೆ ಕೊಡಬೇಕಾಗುತ್ತದೆ. ಎರಡೂ ಪಾಳೆಯಗಳ ಯುದ್ಧೋತ್ಸಾಹವನ್ನು ಒಂದೇ ಏಟಿಗೆ ಒಡೆದುಬಿಡಬಲ್ಲ ಸುದ್ದಿಯನ್ನು ಇಬ್ಬರಿಂದಲೂ ಮರೆಮಾಡಿ, ಅದರ ಭಾರವನ್ನು ಒಬ್ಬನೇ ಹೊರುವ ನಿರ್ಧಾರವಿದು. ಪಂಪನ ಕಾವ್ಯದಲ್ಲಿ ಕುಂತಿಯು ಬಂದು ಬೇಡಿದಾಗಲೂ ಅವನು ಅರ್ಜುನನ ಮೇಲೆ ಸರ್ಪಾಸ್ತ್ರವಾದ ಪುರಿಗಣೆಯನ್ನು ಹಿಡಿಯುವುದಿಲ್ಲವೆಂದೂ ಉಳಿದ ಮಕ್ಕಳನ್ನು ಕೊಲ್ಲುವುದಿಲ್ಲವೆಂದೂ ಮಾತು ಕೊಟ್ಟು, ಪಕ್ಷವನ್ನು ಮಾತ್ರ ಬಿಡುವುದಿಲ್ಲ. ಇಲ್ಲಿ ಕರ್ಣನು ದುರ್ಯೋಧನನಿಗೆ ತಿಳಿಯದಂತೆ ಅವನ ಯುದ್ಧಬಲದ ಒಂದು ಭಾಗವನ್ನು ದಾನ ಮಾಡಿದ್ದಾನೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಜೋಳವಾಳಿಯ ಕಟ್ಟಳೆಯಲ್ಲಿ ತನ್ನ ಪ್ರಾಣವನ್ನು ಕೊಡುವ ಹಕ್ಕು ಭಟನಿಗಿದೆ. ಒಡೆಯನ ಗೆಲುವನ್ನು ಕೊಡುವ ಹಕ್ಕು ಇದೆಯೇ ಎಂಬ ಪ್ರಶ್ನೆಯನ್ನು ಪಂಪ ಬಗೆಹರಿಸದೆ ಓದುಗನ ಮುಂದೆ ಹಾಗೆಯೇ ಬಿಡುತ್ತಾನೆ, ಅದನ್ನು ಬಗೆಹರಿಸದಿರುವುದೇ ಸರಿ.

ಕೌರವರ ಪಾಳೆಯದ ಅತ್ಯಂತ ದುಬಾರಿ ತಪ್ಪು ನಡೆದದ್ದು ರಣರಂಗದಲ್ಲಲ್ಲ, ಸೇನಾಪತಿಯ ಪಟ್ಟ ಕಟ್ಟುವ ಸಭೆಯಲ್ಲಿ. ದುರ್ಯೋಧನನು ಭೀಷ್ಮನಿಗೆ ಪಟ್ಟ ಕಟ್ಟಲು ನಿಶ್ಚಯಿಸಿದಾಗ ಕರ್ಣನು ಅವನ ಮುಪ್ಪನ್ನು ಹೀಯಾಳಿಸುತ್ತಾನೆ, ದ್ರೋಣನು ಕುಲದ ಮಾತೆತ್ತುತ್ತಾನೆ, ಕರ್ಣನು ಕುಲಕ್ಕಿಂತ ಛಲ ಮತ್ತು ಗುಣಗಳು ದೊಡ್ಡವೆಂದು ಉತ್ತರಿಸುತ್ತಾನೆ. ಕೊನೆಗೆ ಭೀಷ್ಮನು ಬೀಳುವವರೆಗೆ ತಾನು ಆಯುಧ ಹಿಡಿಯುವುದಿಲ್ಲವೆಂದು ಹೊರನಡೆಯುತ್ತಾನೆ. ಹನ್ನೊಂದು ಅಕ್ಷೌಹಿಣಿಯ ಸೈನ್ಯವು ಏಳು ಅಕ್ಷೌಹಿಣಿಯ ಎದುರು ಹತ್ತು ದಿನ ತನ್ನ ಅತ್ಯುತ್ತಮ ಬಿಲ್ಲಾಳಿಲ್ಲದೆ ಹೋರಾಡಿತು. ಆದರೂ ದುರ್ಯೋಧನನ ಆಯ್ಕೆಗೆ ಬಲವಾದ ಕಾರಣವಿತ್ತು. ಅವನ ಸೈನ್ಯ ಒಂದು ರಾಜ್ಯದ ಸೈನ್ಯವಲ್ಲ, ಹತ್ತಾರು ಅರಸರ ಕೂಟ. ಮದ್ರ, ಸಿಂಧು, ಗಾಂಧಾರಗಳ ಅರಸರು ವಯಸ್ಸಿನಲ್ಲೂ ವಂಶದಲ್ಲೂ ಹಿರಿಯನಾದ ಭೀಷ್ಮನ ಆಜ್ಞೆಗೆ ತಲೆಬಾಗುತ್ತಾರೆ, ಸೂತಪುತ್ರನೆಂದು ಹೆಸರಾದವನ ಆಜ್ಞೆಗೆ ಮೊದಲ ದಿನವೇ ಬಾಗುವುದಿಲ್ಲ. ಮಾನ್ಯಖೇಟದ ದಂಡಿನಲ್ಲಿ ಯಾವ ಸಾಮಂತನ ಆನೆ ಯಾರ ಆನೆಯ ಹಿಂದೆ ನಿಲ್ಲಬೇಕೆಂಬುದು ಎಷ್ಟು ಸೂಕ್ಷ್ಮವಾಗಿತ್ತೆಂಬುದನ್ನು ಬಲ್ಲ ಪಂಪ, ಅರಸನೊಡನೆ ಯುದ್ಧಕ್ಕೂ ಹೋಗಬಲ್ಲ ಕಲಿಯಾಗಿದ್ದ ಪಂಪ, ಈ ಸಭೆಯನ್ನು ಹೊರಗಿನಿಂದ ಊಹಿಸಿ ಬರೆದಿರಲಾರ.

ಸೇನಾಪತಿಯ ಪ್ರಶ್ನೆ ಅಷ್ಟು ಭಾರವಾಗಲು ಮತ್ತೊಂದು ಕಾರಣ ಆಗಿನ ಯುದ್ಧದ ಸ್ವರೂಪದಲ್ಲೇ ಇದೆ. ಪಂಪನ ಕಾವ್ಯ ಮುಗಿದು ಎಂಟು ವರ್ಷಕ್ಕೆ, 949ರಲ್ಲಿ, ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದ ಗಂಗ ಬೂತುಗನು ಆನೆಯ ಮೇಲಿದ್ದ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ ಕೂಡಲೇ ಚೋಳರ ದೊಡ್ಡ ಸೈನ್ಯ ಕದಲಿತು. ಮಂಡ್ಯ ಸೀಮೆಯ ಆತಕೂರಿನ ಶಾಸನ ಈ ಘಟನೆಯನ್ನು ಹೇಳುತ್ತದೆ. ಮುಂದಿನ ಶತಮಾನದಲ್ಲಿ ಕೊಪ್ಪಂ ಯುದ್ಧದಲ್ಲಿ ಚೋಳ ರಾಜಾಧಿರಾಜನೇ ಆನೆಯ ಮೇಲೆ ಸತ್ತನಾದರೂ, ಅವನ ತಮ್ಮ ಅಲ್ಲೇ ಪಟ್ಟ ಕಟ್ಟಿಕೊಂಡು ಯುದ್ಧವನ್ನು ಉಳಿಸಿದನು. ನಾಯಕನನ್ನು ಕೆಡವಿದರೆ ಸೈನ್ಯ ಚದುರುತ್ತದೆ, ನಾಯಕತ್ವ ತಕ್ಷಣ ಕೈ ಬದಲಿಸಿದರೆ ನಿಲ್ಲುತ್ತದೆ ಎಂಬ ಈ ಅನುಭವವನ್ನು ಹಿಡಿದು ನೋಡಿದರೆ, ಭೀಷ್ಮನ ನಂತರ ದ್ರೋಣ, ದ್ರೋಣನ ನಂತರ ಕರ್ಣ, ಕರ್ಣನ ನಂತರ ಶಲ್ಯ ಎಂದು ಬೂದಿ ಆರುವ ಮುನ್ನವೇ ಪಟ್ಟ ಕಟ್ಟುತ್ತ ಹೋಗುವ ದುರ್ಯೋಧನನ ನಡೆ ಹಟದ ಕುರುಡಾಗಿ ಕಾಣುವುದಿಲ್ಲ. ಪಾಂಡವರ ತಂತ್ರವೆಲ್ಲ ಒಬ್ಬೊಬ್ಬ ನಾಯಕನನ್ನೇ ಗುರಿಯಾಗಿಟ್ಟುಕೊಂಡದ್ದು. ಅದಕ್ಕೆ ಅವನಲ್ಲಿದ್ದ ಉತ್ತರ ಅದೊಂದೇ.

ಅದ್ಭುತದ ಅಂಶಗಳು ಕೂಡ ಈ ಕಾವ್ಯಲೋಕದಲ್ಲಿ ತಂತ್ರದ ನಿಯಮಕ್ಕೆ ಒಳಪಟ್ಟಿವೆ. ಇಂದ್ರನು ಕೊಟ್ಟ ಶಕ್ತ್ಯಾಯುಧವನ್ನು ಕರ್ಣನು ಒಮ್ಮೆ ಮಾತ್ರ ಬಳಸಬಹುದು; ಅದನ್ನು ಅರ್ಜುನನಿಗಾಗಿ ಕಾಯ್ದಿರಿಸಿದ್ದಾನೆ. ದ್ರೋಣನು ಸೇನಾಪತಿಯಾಗಿದ್ದಾಗ ನಡೆದ ರಾತ್ರಿಯುದ್ಧದಲ್ಲಿ ಘಟೋತ್ಕಚನು ಕೌರವ ಸೈನ್ಯವನ್ನು ಚೆಲ್ಲಾಪಿಲ್ಲಿ ಮಾಡತೊಡಗಿದಾಗ, ಬೆಳಗಾಗುವುದರೊಳಗೆ ಸೈನ್ಯವೇ ಉಳಿಯದಿದ್ದರೆ ಕಾಯ್ದಿಟ್ಟ ಆಯುಧದಿಂದ ಏನು ಪ್ರಯೋಜನವೆಂಬ ಕೂಗಿಗೆ ಮಣಿದು ಕರ್ಣ ಅದನ್ನು ಅವನ ಮೇಲೆ ಎಸೆಯುತ್ತಾನೆ. ವ್ಯಾಸನ ಕೃಷ್ಣನು ಆ ಸಾವಿನ ನಡುವೆಯೂ ಹಿಗ್ಗುತ್ತಾನೆ, ಏಕೆಂದರೆ ಅವನು ಬಯಸಿದ್ದು ಅದನ್ನೇ: ದೊಡ್ಡ ಹೊಡೆತಕ್ಕೆ ಕೂಡಿಟ್ಟ ಬಲವನ್ನು ಚಿಕ್ಕ ಆಪತ್ತಿಗೆ ಖರ್ಚು ಮಾಡಿಸುವುದು. ಕರ್ಣನ ಆ ರಾತ್ರಿಯ ತೀರ್ಮಾನವನ್ನು ತಪ್ಪೆನ್ನುವುದು ಕಷ್ಟ. ಎದುರಾಳಿಯು ಅವನನ್ನು ತಂದು ನಿಲ್ಲಿಸಿದ ಜಾಗದಲ್ಲಿ ಸರಿಯಾದ ಆಯ್ಕೆಯೇ ಇರಲಿಲ್ಲ.

ಪಂಪನ ಕಾಲದ ಮಾನ್ಯಖೇಟ ಬಹಳ ವರ್ಷ ಉಳಿಯಲಿಲ್ಲ. 972ರಲ್ಲಿ, ಖೊಟ್ಟಿಗನ ಆಳ್ವಿಕೆಯಲ್ಲಿ, ಮಾಳವದ ಪರಮಾರ ಸೀಯಕನು ಕಾಗಿಣಾ ದಂಡೆಯ ಈ ಪಟ್ಟಣವನ್ನು ಲೂಟಿ ಮಾಡಿದನು. ಧನಪಾಲನೆಂಬ ಕವಿಯು ತನ್ನ ಪ್ರಾಕೃತ ನಿಘಂಟು ಬರೆದ ಕಾಲವನ್ನು ಆ ಲೂಟಿಯ ನೆನಪಿನಿಂದಲೇ ಗುರುತಿಸುತ್ತಾನೆ, ಅಪಭ್ರಂಶದ ಕವಿ ಪುಷ್ಪದಂತನು ಹಾಳಾದ ಪಟ್ಟಣಕ್ಕಾಗಿ ಮರುಗುತ್ತಾನೆ. ಮರುವರ್ಷವೇ ತರ್ದವಾಡಿ ಸೀಮೆಯ ಸಾಮಂತನಾಗಿದ್ದ ಚಾಲುಕ್ಯ ತೈಲಪನು ಕೊನೆಯ ರಾಷ್ಟ್ರಕೂಟ ಅರಸ ಎರಡನೆಯ ಕರ್ಕನನ್ನು ಸೋಲಿಸಿ ರಾಜ್ಯವನ್ನು ತನ್ನದಾಗಿಸಿಕೊಂಡನು. ತೈಲಪನ ಹೆಂಡತಿ ರಾಷ್ಟ್ರಕೂಟರ ಮನೆಯ ಮಗಳು. ತರ್ದವಾಡಿ ಅವನಿಗೆ ರಾಷ್ಟ್ರಕೂಟ ಚಕ್ರವರ್ತಿಯೇ ಕೊಟ್ಟ ಉಂಬಳಿ. ಅರಿಕೇಸರಿ ಒಡೆಯನನ್ನು ಬದಲಿಸಿ ಸುಮ್ಮನಾಗಿದ್ದನು. ತೈಲಪ ಒಡೆಯನ ಜಾಗದಲ್ಲೇ ಕೂತನು. ರನ್ನನಿಗೆ ಕವಿಚಕ್ರವರ್ತಿಯೆಂಬ ಬಿರುದು ಕೊಟ್ಟವನು ಈ ತೈಲಪ. ರನ್ನನ ಸಾಹಸಭೀಮವಿಜಯ ಅಥವಾ ಗದಾಯುದ್ಧದಲ್ಲಿ ಭೀಮನೊಡನೆ ಒಂದಾಗಿ ಹೊಗಳಿಸಿಕೊಂಡವನು ಅವನ ಮಗ ಸತ್ಯಾಶ್ರಯ ಇರಿವಬೆಡಂಗ.

ರನ್ನನು ಪಂಪನ ಹದಿಮೂರನೆಯ ಆಶ್ವಾಸದ ವಸ್ತುವನ್ನು ಎತ್ತಿಕೊಂಡು ಅದನ್ನೇ ಹತ್ತು ಆಶ್ವಾಸಗಳ ಕಾವ್ಯವಾಗಿ ಬೆಳೆಸಿದನು. ಕೊನೆಯ ಹೊತ್ತಿನ ಮೇಲೆ ನಿಂತು ಹಿಂದಿನದನ್ನೆಲ್ಲ ತಿರುಗಿ ನೋಡುವ ಅವನ ಕ್ರಮಕ್ಕೆ ಸಿಂಹಾವಲೋಕನವೆಂದು ಹೆಸರು. ಸೈನ್ಯ ಸವೆದು, ಕರ್ಣ ದುಶ್ಶಾಸನರು ಸತ್ತ ಮೇಲೆ ದುರ್ಯೋಧನನ ಮುಂದೆ ಉಳಿದ ದಾರಿಗಳೇನೆಂಬುದೇ ಕಾವ್ಯದ ಮೊದಲ ಅರ್ಧದ ಪ್ರಶ್ನೆ. ಸಂಜಯ ಸಂಧಿ ಮಾಡಿಕೊಳ್ಳೆನ್ನುತ್ತಾನೆ. ಧೃತರಾಷ್ಟ್ರ, ಗಾಂಧಾರಿಯರು ಬಂದು ಅದನ್ನೇ ಬೇಡುತ್ತಾರೆ. ಶರಶಯ್ಯೆಯ ಮೇಲಿನ ಭೀಷ್ಮನೂ ಮೊದಲು ಅದನ್ನೇ ಹೇಳುತ್ತಾನೆ. ನೀತಿಶಾಸ್ತ್ರದ ಪ್ರಕಾರ ಅವರು ಹೇಳುವುದರಲ್ಲಿ ತಪ್ಪಿಲ್ಲ, ಬಲ ಕುಂದಿದವನಿಗೆ ಸಂಧಿಯೇ ಮದ್ದು. ದುರ್ಯೋಧನನು ಕೊಡುವ ಉತ್ತರದಲ್ಲಿ ನೆಲದ ಆಸೆ ಎಲ್ಲಿಯೂ ಇಲ್ಲ. ತನಗಾಗಿ ಸತ್ತ ಕರ್ಣನಿಲ್ಲದೆ, ತಮ್ಮನಿಲ್ಲದೆ, ಅವರನ್ನು ಕೊಂದವರ ಜೊತೆ ಕೂತು ಯಾವ ರಾಜ್ಯವನ್ನು ಉಣ್ಣಲಿ, ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಎಂಬ ಆಶಯದ ಅವನ ಮಾತುಗಳು ಕನ್ನಡಿಗರ ನಾಲಿಗೆಯಲ್ಲಿ ಉಳಿದಿವೆ.

ಈ ಉತ್ತರವನ್ನು ಕರ್ಣನ ನಿರ್ಧಾರದ ಪಕ್ಕದಲ್ಲಿಟ್ಟು ಓದಬೇಕು. ಜೋಳವಾಳಿಗೆ ಎರಡು ಬದಿಗಳಿದ್ದವು. ಉಂಡವನು ಪ್ರಾಣ ಕೊಡಬೇಕು. ಉಣಿಸಿದವನು ಆ ಪ್ರಾಣವನ್ನು ಅಗ್ಗವಾಗಿ ಮಾರಬಾರದು. ಕರ್ಣ ತನ್ನ ಪಾಲಿನದನ್ನು ತೀರಿಸಿದ ಮೇಲೆ ದುರ್ಯೋಧನನು ಐದು ಊರುಗಳಿಗೋ ಅರ್ಧ ರಾಜ್ಯಕ್ಕೋ ಒಪ್ಪಿದರೆ, ಮೊದಲೇ ಸಿಗಬಹುದಾಗಿದ್ದ ಒಪ್ಪಂದಕ್ಕಾಗಿ ಅಷ್ಟು ಜನರನ್ನು ಬಲಿಕೊಟ್ಟಂತಾಗುತ್ತದೆ. ಲಾಭನಷ್ಟದ ಎಣಿಕೆಯಲ್ಲಿ ಕಳೆದುಹೋದದ್ದಕ್ಕೆ ಬೆಲೆಯಿಲ್ಲವೆಂಬುದು ಶಾಸ್ತ್ರದ ಮಾತು. ಸತ್ತವರ ಋಣವನ್ನು ಉಳಿದವರು ಹೇಗೆ ತೀರಿಸುತ್ತಾರೆಂಬುದನ್ನು ನೋಡಿಯೇ ಮುಂದಿನ ಭಟ ಯುದ್ಧಕ್ಕೆ ಬರುತ್ತಾನೆಂಬುದು ಸಾಮಂತ ವ್ಯವಸ್ಥೆಯ ಮಾತು. ಊರಿನ ಮುಂದೆ ವೀರಗಲ್ಲು ನಿಲ್ಲಿಸುವುದೂ ಸತ್ತವನ ಮಕ್ಕಳಿಗೆ ನೆತ್ತರುಗೊಡಗೆಯೆಂದು ಹೊಲ ಬಿಡುವುದೂ ಇದೇ ಕಾರಣಕ್ಕೆ. ದುರ್ಯೋಧನನ ಛಲ ಈ ಎರಡನೆಯ ಮಾತಿನ ಮೇಲೆ ನಿಂತಿದೆ. ಶವಗಳ ನಡುವೆ ಸಂಜಯನ ಕೈ ಹಿಡಿದು ನಡೆಯುತ್ತ ಒಬ್ಬೊಬ್ಬರ ಮುಂದೆ ನಿಂತು, ಶತ್ರುವಿನ ಮಗನಾದ ಅಭಿಮನ್ಯುವನ್ನೂ ಸೇರಿಸಿ, ಸಲ್ಲಬೇಕಾದ ಮನ್ನಣೆ ಸಲ್ಲಿಸುವ ಅವನ ನಡಿಗೆಯನ್ನು ರನ್ನ ಅಷ್ಟು ದೀರ್ಘವಾಗಿ ಬರೆದದ್ದೂ ಅದಕ್ಕಾಗಿಯೇ ಇರಬೇಕು.

ಸಂಧಿಯನ್ನು ಒಪ್ಪದವನಿಗೆ ಭೀಷ್ಮನು ಎರಡನೆಯ ಸಲಹೆ ಕೊಡುತ್ತಾನೆ: ಈ ಒಂದು ದಿನ ವೈಶಂಪಾಯನ ಸರೋವರದಲ್ಲಿ ಅಡಗಿರು, ನಾಳೆ ಬಲರಾಮನೂ ಅಶ್ವತ್ಥಾಮ, ಕೃಪ, ಕೃತವರ್ಮರೂ ನಿನ್ನನ್ನು ಕೂಡಿಕೊಳ್ಳುತ್ತಾರೆ, ಆಮೇಲೆ ಕಾದು. ನೀರಿನೊಳಗೆ ಇರಲು ಬೇಕಾದ ಜಲಮಂತ್ರವನ್ನೂ ಅವನೇ ಉಪದೇಶಿಸುತ್ತಾನೆ. ಮಂತ್ರವನ್ನು ತೆಗೆದುಹಾಕಿ ನೋಡಿದರೆ ಇದು ಷಾಡ್ಗುಣ್ಯದ ಆಸನವೇ: ಮಿತ್ರಬಲ ಸೇರುವವರೆಗೆ ಸುಭದ್ರವಾದ ಜಾಗದಲ್ಲಿ ಕದಲದೆ ಕೂರುವುದು. ಆಗಿನ ದುರ್ಗಶಾಸ್ತ್ರದಲ್ಲಿ ಜಲದುರ್ಗ, ಅಂದರೆ ನೀರೇ ಕೋಟೆಯಾದ ತಾಣ, ಎಂಬ ಬಗೆಯೂ ಇದೆ. ಗದೆಯಲ್ಲಿ ದುರ್ಯೋಧನನ ಗುರುವಾದ ಬಲರಾಮನು ಪಕ್ಕದಲ್ಲಿ ನಿಂತರೆ ಕೃಷ್ಣನ ಕೈ ಕಟ್ಟಿಹಾಕಿದಂತಾಗುತ್ತದೆಂಬ ಭೀಷ್ಮನ ಲೆಕ್ಕವೂ ಗಟ್ಟಿಯಾದದ್ದು. ಸರೋವರಕ್ಕಿಳಿಯಲು ಹೇಸುವ ದುರ್ಯೋಧನ, ಹಿರಿಯನ ಮಾತಿಗೆ ಒಪ್ಪಿ ಇಳಿಯುತ್ತಾನೆ. ಆ ಗಳಿಗೆಯಲ್ಲಿ ಅವನನ್ನು ಹೇಡಿಯೆಂದವರು ಕಾವ್ಯದೊಳಗಿನ ಅವನ ವೈರಿಗಳು, ಕವಿಯಲ್ಲ.

ಪಾಂಡವರ ಕಡೆಯ ಸಮಸ್ಯೆಯೂ ಅಷ್ಟೇ ಸ್ಪಷ್ಟ. ನೀರೊಳಗಿನ ಶತ್ರುವನ್ನು ಬಲದಿಂದ ಹೊರತರಲಾಗುವುದಿಲ್ಲ, ಹೊತ್ತು ಮುಳುಗಿದರೆ ಅವನ ಬಲ ಹೆಚ್ಚುತ್ತದೆ. ಆದ್ದರಿಂದ ಭೀಮನ ಗರ್ಜನೆ ಬರಿಯ ಕೋಪವಲ್ಲ, ಮುತ್ತಿಗೆಯ ಆಯುಧ. ಜಲಮಂತ್ರಬಲದಿಂದ ತಣ್ಣೀರಿನಲ್ಲಿದ್ದರೂ ಆ ಮಾತಿಗೆ ಬೆವರಿ ದುರ್ಯೋಧನ ಎದ್ದು ಬರುತ್ತಾನೆಂದು ರನ್ನ ಚಿತ್ರಿಸಿದ ಗಳಿಗೆಯಲ್ಲಿ ಒಂದು ರಾತ್ರಿಯ ಆಸನ ಮುರಿಯುತ್ತದೆ. ಸಂಧಿಯನ್ನು ತಳ್ಳಿಸಿದ ಛಲವೇ ಆಸನವನ್ನೂ ಕೆಡಿಸಿತು. ಅವನ ಬಲವೂ ಅವನ ಸೋಲೂ ಒಂದೇ ಬೇರಿನಿಂದ ಬಂದವೆಂಬುದನ್ನು ಇಷ್ಟು ಕರುಣೆಯಿಂದ ಹೇಳಿದ ಯುದ್ಧಕಾವ್ಯಗಳು ಕನ್ನಡದಲ್ಲಿ ವಿರಳ. ಹೊರಬಂದವನು ಗದೆಯಲ್ಲಿ ತನಗೆ ಸರಿಸಾಟಿಯಾದ ಭೀಮನನ್ನೇ ಎದುರಾಳಿಯಾಗಿ ಒಪ್ಪುತ್ತಾನೆ. ವ್ಯಾಸನ ಕೃಷ್ಣನಾದರೋ, ಐವರಲ್ಲಿ ಯಾರೊಬ್ಬನನ್ನಾದರೂ ಆರಿಸಿಕೊಂಡು ಗೆದ್ದರೆ ರಾಜ್ಯ ನಿನ್ನದೆಂದು ಮಾತು ಕೊಟ್ಟ ಧರ್ಮರಾಯನನ್ನು, ಗೆದ್ದ ಯುದ್ಧವನ್ನು ಮತ್ತೆ ಜೂಜಿಗಿಟ್ಟೆಯೆಂದು ಕಟುವಾಗಿ ಗದರುತ್ತಾನೆ. ಆ ಜೂಜಿನ ಲಾಭವನ್ನು ದುರ್ಯೋಧನ ಪಡೆಯಲಿಲ್ಲ, ಪಡೆಯಲು ಬಯಸಲೂ ಇಲ್ಲ.

ಹಿತವಚನ ಮೀರಿದ ಅರಸನ ಗತಿಯನ್ನು ರನ್ನನ ಕಾಲ ಕಣ್ಣೆದುರೇ ಕಂಡಿತ್ತು. ಪರಮಾರ ಮುಂಜನು ತೈಲಪನ ಮೇಲೆ ಹಲವು ಬಾರಿ ದಂಡೆತ್ತಿ ಬಂದು, ಕೊನೆಗೆ ಸೆರೆಸಿಕ್ಕು ಸತ್ತನು. ಗೋದಾವರಿಯನ್ನು ದಾಟಬೇಡವೆಂದು ಮಂತ್ರಿ ರುದ್ರಾದಿತ್ಯನು ಬೇಡಿಕೊಂಡರೂ ಅವನು ಕೇಳಲಿಲ್ಲವೆಂದು ಮೇರುತುಂಗನ ಪ್ರಬಂಧಚಿಂತಾಮಣಿ ಹೇಳುತ್ತದೆ. ಸತ್ಯಾಶ್ರಯನ ಕಾಲಕ್ಕೆ ದಿಕ್ಕು ಬದಲಾಗಿ ಚೋಳರು ದಕ್ಷಿಣದಿಂದ ಬಂದರು. 1007–08ರ ಹೊಟ್ಟೂರು ಶಾಸನವು ಒಂಬತ್ತು ಲಕ್ಷದ ಸೈನ್ಯ ನಾಡನ್ನು ಸುಲಿದ ಬಗೆಯನ್ನೂ ಸತ್ಯಾಶ್ರಯ ಅದನ್ನು ಹಿಮ್ಮೆಟ್ಟಿಸಿದ್ದನ್ನೂ ದಾಖಲಿಸಿದೆ. ಆ ಸಂಖ್ಯೆ ಶಾಸನಕವಿಯ ಉತ್ಪ್ರೇಕ್ಷೆಯಿರಬಹುದು, ಭಯ ಮಾತ್ರ ನಿಜ. ಮಾನ್ಯಖೇಟದ ಬಯಲು ಸುರಕ್ಷಿತವಲ್ಲವೆಂಬುದು ಎರಡು ತಲೆಮಾರುಗಳಲ್ಲಿ ಮನವರಿಕೆಯಾದ ಮೇಲೆ, ಒಂದನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದ ನಡುವೆ ರಾಜಧಾನಿಯನ್ನು ಕಲ್ಯಾಣಕ್ಕೆ ಸಾಗಿಸಿದನು. ಕಲ್ಯಾಣವೂ ಲೂಟಿಯಾಯಿತು, ರಾಜಾಧಿರಾಜನು ಅಲ್ಲಿಂದ ಕೊಂಡೊಯ್ದ ದ್ವಾರಪಾಲಕನ ವಿಗ್ರಹವು ತಮಿಳುನಾಡಿನ ದಾರಾಸುರಂನಲ್ಲಿ ಬರಹಸಮೇತ ದೊರೆಯಿತು. ಇದೇ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಅಡುಗೆ, ಬೇಟೆ, ಸಂಗೀತಗಳ ಜೊತೆಗೆ ಆರು ನಡೆಗಳ ನೀತಿಯೂ ಕೋಟೆಗಳ ಬಗೆಗಳೂ ಮತ್ತೆ ಬರುತ್ತವೆ.

ಪಂಪನ ಮತ್ತು ರನ್ನನ ಆಶ್ರಯದಾತರಿಬ್ಬರೂ ಒಡೆಯನ ವಿರುದ್ಧ ತಿರುಗಿಬಿದ್ದ ಮನೆತನಗಳವರು. ಇಬ್ಬರೂ ತಮ್ಮನ್ನು ಅರ್ಜುನನೆಂದು, ಭೀಮನೆಂದು ಹೊಗಳಿಸಿಕೊಂಡರು. ಆದರೂ ಕಾವ್ಯಗಳ ಅತ್ಯಂತ ಆಳವಾದ ಮಂತ್ರಾಲೋಚನೆ ನಡೆಯುವುದು ಎದುರು ಪಾಳೆಯದಲ್ಲಿ, ತಿರುಗಿಬೀಳಲು ಒಪ್ಪದವರ ಮನಸ್ಸಿನಲ್ಲಿ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕೆಂಬ ಆಶಯದ ಮಾತನ್ನು, ಚಕ್ರವರ್ತಿಯನ್ನು ಇಳಿಸಿದ ಅರಿಕೇಸರಿಯ ಸಭೆಯಲ್ಲಿ ಕೂತು ಪಂಪ ಬರೆದನು. ಅರಿಕೇಸರಿಗೆ ಅದು ಚುಚ್ಚಿತೆಂದು ಊಹಿಸಲು ಆಧಾರವಿಲ್ಲ. ಅವನು ಪಂಪನಿಗೆ ಅಗ್ರಹಾರವನ್ನೇ ದಾನ ಕೊಟ್ಟನು. ಒಡೆಯನನ್ನು ಬಿಟ್ಟ ಅರಸನಿಗೂ ತನ್ನನ್ನು ಬಿಡದ ಭಟರು ಬೇಕಿತ್ತು, ಆ ಭಟರು ಕೇಳಬೇಕಾದ ಕಥೆ ಕರ್ಣನದೇ ಆಗಿತ್ತು ಎಂಬುದು ಒಂದು ವಿವರಣೆ. ಕಲಿಯೂ ಆಗಿದ್ದ ಕವಿಗೆ ಎದುರು ಪಾಳೆಯದ ಲೆಕ್ಕಾಚಾರ ಒಳಗಿನಿಂದಲೇ ಅರ್ಥವಾಗುತ್ತಿತ್ತು ಎಂಬುದು ಇನ್ನೊಂದು, ಹೆಚ್ಚು ನಂಬಬಹುದಾದದ್ದು.

ಒಂದು ಶತಮಾನದ ನಂತರ ಕಲ್ಯಾಣದಲ್ಲೇ ಇದಕ್ಕೆ ವಿರುದ್ಧವಾದ ಬಗೆಯ ಬರವಣಿಗೆ ಹುಟ್ಟಿತು. 1076ರಲ್ಲಿ ಆರನೆಯ ವಿಕ್ರಮಾದಿತ್ಯನು ತನ್ನ ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ ಪಟ್ಟವೇರಿದನು; ಸಾಮಂತರನ್ನು ಒಬ್ಬೊಬ್ಬರಾಗಿ ಒಲಿಸಿಕೊಂಡು, ಚೋಳರ ಮನೆಯ ಹೆಣ್ಣನ್ನು ಮದುವೆಯಾಗಿ ವರ್ಷಗಟ್ಟಲೆ ಸಿದ್ಧಪಡಿಸಿದ ನಡೆಯದು. ಕಾಶ್ಮೀರದಿಂದ ಬಂದು ಅವನ ಆಸ್ಥಾನಕವಿಯಾದ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಈ ಘಟ್ಟಕ್ಕೆ ಬಂದಾಗ, ನಿಜವಾಗಿ ನಡೆದ ಇಷ್ಟೆಲ್ಲ ಲೆಕ್ಕಾಚಾರವನ್ನು ಬದಿಗಿಟ್ಟು, ಅಣ್ಣನ ಮೇಲೆ ಕೈಯೆತ್ತಲು ಒಲ್ಲದ ತಮ್ಮನಿಗೆ ಶಿವನೇ ಕಾಣಿಸಿಕೊಂಡು ಯುದ್ಧ ಮಾಡೆಂದು ಆಜ್ಞಾಪಿಸಿದನೆಂದು ಬರೆಯುತ್ತಾನೆ. ಕಣ್ಣೆದುರಿನ ಅರಸನ ನಿರ್ಧಾರಕ್ಕೆ ಅವನು ದೇವರ ಮಾತನ್ನು ಹೊದಿಸಿದನು. ದೇವರುಗಳೂ ಮಂತ್ರಾಸ್ತ್ರಗಳೂ ತುಂಬಿದ ಕಥೆಯನ್ನು ಕೈಗೆತ್ತಿಕೊಂಡ ಪಂಪ ಮತ್ತು ರನ್ನರು ಕರ್ಣನಿಗೂ ದುರ್ಯೋಧನನಿಗೂ ಅಂಥ ಹೊದಿಕೆಯನ್ನು ಕೊಡಲಿಲ್ಲ. ತಮ್ಮ ತೀರ್ಮಾನದ ಕಾರಣವನ್ನು ಅವರಿಬ್ಬರೂ ತಾವೇ ಹೇಳಬೇಕಾಯಿತು.